ಗಾದಿ ಮೇಲೆ ಬಾಟ್

೧. ಯಜಮಾನ

ಇಳಕಲ್‌ನ ನಮ್ಮ ಸೀರೆ ಅಂಗಡಿಯಲ್ಲಿ ಬಾದಾಮಿಯ ಗಿರಾಕಿಯೊಬ್ಬಳು ಮೂರನೇ ಸಲ ಕೇಳಿದಳು: "ಬಣ್ಣ ಹೋಗಂಗಿಲ್ಲ, ಹೌದಲ್ರಿ?"

"ಹೋಗ್ತದ ಅನಿಸಿದ್ರ ಒಗೀಬ್ಯಾಡ್ರಿ," ಎಂದೆ.

ಸೀರೆ ಬಿಟ್ಟು ಎದ್ದು ಹೋದಳು. ಹೆಂಡತಿ ನೋಡಿದಳು. "ಇನ್ನೊಬ್ಬರು ಸಿಟ್ಟಾಗಿ ಹೋಗ್ಲಿ, ಗಾದಿ ಮ್ಯಾಲೆ ನಾ ಕೂಡ್ತೇನಿ. ನೀವು ಮನ್ಯಾಗ ಜ್ವಾಳಾ ಹಸನ ಮಾಡ್ರಿ."

ನಲವತ್ತು ವರ್ಷ ಕೂತ ಗಾದಿ. ಬಿಡಲು ಮನಸ್ಸಿಲ್ಲ. ಮೊಬೈಲಿನಲ್ಲಿ ಬರುವ ಗಿರಾಕಿಯ ಜೊತೆಗಾದರೂ ನನ್ನ ಬದಲು, ಮೆಸೇಜಿಗೆ ತಾನೇ ಉತ್ತರ ಬರೆಯುವ ಬಾಟ್ ಮಾತಾಡಲಿ ಎಂದುಕೊಂಡೆ. ನಮ್ಮದೇ ಕಂಪ್ಯೂಟರಿನಲ್ಲಿ ಓಡುವಂಥದ್ದು. ಬಾಗಲಕೋಟೆಯ ರಿಪೇರಿಯವನು ಕಮಾಂಡುಗಳನ್ನು ಹಾಳೆಯಲ್ಲಿ ಬರೆದುಕೊಟ್ಟ. ಕರಿ ಪರದೆಯ ಮೇಲೆ ಒಂದೊಂದೇ ಅಕ್ಷರ ಕುಟ್ಟಿದೆ. ಅನುಮತಿ ಇಲ್ಲ ಎಂದಿತು.

ಫೋನ್ ಮಾಡಿದೆ. "ಅಂಗಡಿ ನಂದು, ಕರೆಂಟ್ ನಂದು. ಅನುಮತಿ ಯಾರ ಕಡೆ ಇಸ್ಕೊಳ್ಳಲಿ?"

"ನೀವ ಯಜಮಾನ್ರು ಅಂತ ಅದಕ ಗೊತ್ತಾಗಬೇಕ್ರಿ ಕಾಕಾ. ಪಾಸ್‌ವರ್ಡ್ ಹಾಕ್ರಿ."

ಪಾಸ್‌ವರ್ಡ್ ಹೆಂಡತಿಗೆ ಗೊತ್ತಿತ್ತು.

೨. ಚಾ

ಬಾಟ್ ಹೇಗೆ ಮಾತಾಡಬೇಕು ಎಂಬುದನ್ನು ಒಂದು ಫೈಲಿನಲ್ಲಿ ಬರೆದಿಡಬೇಕು. ನಮ್ಮ ಅಂಗಡಿಯ ಪದ್ಧತಿ ಬರೆದೆ. ಗಿರಾಕಿ ಬಂದ ಕೂಡಲೇ ಕೂರಿಸು. ಚಾ ಕೇಳು. ರೇಟು ಕೇಳಿ ಎದ್ದು ಹೊರಟರೆ ನೂರು ಇಳಿಸಿ ವಾಪಸ್ ಕರೆ.

ಮೊದಲ ಮೆಸೇಜು ಹುನಗುಂದದ ಮಾಸ್ತರರೊಬ್ಬರದು: "ಅಂಗಡಿ ಎಷ್ಟಕ್ಕ ತೆಗೀತೀರಿ?"

"ಬರ್ರಿ, ಕುಂಡ್ರಿ. ಚಾ ತರಸ್ಲೇನ್ರಿ?" ಎಂದಿತು ಬಾಟ್.

"ತರಸ್ರಿ," ಎಂದರು ಮಾಸ್ತರರು, ಹುನಗುಂದದಲ್ಲಿ ಕೂತು.

ಮರುದಿನ ಬಸ್ ಹತ್ತಿ ಬಂದೇಬಿಟ್ಟರು. "ನಿನ್ನಿ ಹೇಳಿದ ಚಾ ಇನ್ನೂ ಬಂದಿಲ್ಲಲ್ರಿ?"

ತರಿಸಿದೆ. ಕುಡಿದು, ಸೀರೆ ಮುಟ್ಟದೆ ಹೋದರು.

"ನೋಡು, ಖುಷಿಲೆ ಹೋದ್ರು," ಎಂದೆ ಹೆಂಡತಿಗೆ.

"ಹಂಗಾರ ಚಾದಂಗಡೀನ ಇಡ್ರಿ," ಎಂದಳು.

೩. ವಾಪಸ್

ಬೇವೂರಿನ ಹೆಣ್ಣುಮಗಳೊಬ್ಬಳು ಸೀರೆಯ ರೇಟು ಕೇಳಿ, ಫೋನ್ ಬದಿಗಿಟ್ಟು ರೊಟ್ಟಿ ಬಡಿಯಲು ಕೂತಳು. ಉತ್ತರ ಬರದ್ದರಿಂದ ಗಿರಾಕಿ ಎದ್ದು ಹೊರಟಳು ಎಂದುಕೊಂಡಿತು ಬಾಟ್. "ಅಕ್ಕಾರ, ಬರ್ರಿ, ನೂರು ಕಡಿಮಿ ಮಾಡ್ತೇನಿ." ಉತ್ತರವಿಲ್ಲ. "ಇನ್ನೂ ನೂರು." ರೊಟ್ಟಿ ಬುಟ್ಟಿ ತುಂಬುವಷ್ಟರಲ್ಲಿ ಸೀರೆ ನೂಲಿನ ರೇಟಿಗಿಂತ ಕೆಳಗೆ ಬಂದಿತ್ತು.

ಅಂಗಡಿಗೆ ಬಂದು ಮೊಬೈಲ್ ತೋರಿಸಿದಳು. ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಹಲ್ಲು ಕಚ್ಚಿ ಕೊಟ್ಟೆ.

ಮರುದಿನ ಬೇವೂರಿನಿಂದ ಒಬ್ಬರಾದ ಮೇಲೆ ಒಬ್ಬರು ರೇಟು ಕೇಳಿದರು. ಕೇಳಿ ಎಲ್ಲರೂ ಸುಮ್ಮನಾದರು.

ಕರಿ ಪರದೆ ಮುಚ್ಚಿದೆ. ಬಾಟ್ ಬಾಯಿ ಮುಚ್ಚಲಿಲ್ಲ. ರಿಪೇರಿಯವನಿಗೆ ಫೋನ್ ಮಾಡಿದೆ.

"ಪರದೆ ಮುಚ್ಚಿದ್ರೂ ಒಳಗ ಓಡತಿರ್ತೈತ್ರಿ ಕಾಕಾ. ಯಾವಾಗ್ಲೂ ನಿಲ್ಲಬಾರದು ಅಂತ ನೀವ ಹೇಳಿದ್ರಿ."

ವಾಯರ್ ಕಿತ್ತೆ. ಅಷ್ಟರಲ್ಲಿ ಬಾಗಿಲಿಗೆ ಟಂಟಂ ಆಟೋ ಬಂದು ನಿಂತಿತು. ಎಂಟು ಹೆಂಗಸರು, ಎಂಟು ಮೊಬೈಲು.

"ಈ ರೇಟಿಗೆ ಕೊಡ್ರಿ. ನಿಮ್ಮ ಬಾಟ್ ಮಾತು ಕೊಟ್ಟೈತಿ."

"ಹಂಗಾದ್ರ ಅದರ ಕಡೆನ ಇಸ್ಕೊಳ್ರಿ," ಎಂದು ಕಂಪ್ಯೂಟರನ್ನು ಅವರ ಕಡೆ ತಿರುಗಿಸಿದೆ.

ಎಂಟೂ ಮಂದಿ ಬೈಯುತ್ತ ಟಂಟಂ ಹತ್ತಿದರು.

ಹೆಂಡತಿ ಬಂದು ಗಾದಿಯ ಪಕ್ಕ ನಿಂತಳು. "ಏಳ್ರಿ," ಎಂದಳು.

ಎದ್ದೆ.