ಮಲಗಿ ನೋಡಿ ಕೊಳ್ಳುವ ಮಾವ

ನಮ್ಮ ಸೋದರಮಾವನಿಗೆ ಏನಾದರೂ ಮಾರುವವರು ಜೊತೆಗೊಂದು ದಿಂಬನ್ನೂ ಇಟ್ಟುಕೊಳ್ಳುವುದು ಒಳ್ಳೆಯದು. ಮಲಗಿ ನೋಡದೆ ಅವನು ಏನನ್ನೂ ಕೊಂಡವನಲ್ಲ! ಹೊರಸು, ಗಾದಿ ಆದರೆ ಸರಿ. ಮುದ್ದೇಬಿಹಾಳದ ಅಂಗಡಿಯಲ್ಲಿ ಕಬ್ಬಿಣದ ಕಪಾಟನ್ನೇ ನೆಲಕ್ಕೆ ಮಲಗಿಸಿ, ತಾನೂ ಒಳಗೆ ಮಲಗಿ, ಬಾಗಿಲು ಹಾಕಿಸಿಕೊಳ್ಳುವುದುಂಟೇ? ಹಿಡಿಕೆ ಸಿಕ್ಕಿಕೊಂಡಿತು. ಗಿರಾಕಿಗಳೆಲ್ಲ ನೆರೆದರು. ಕಡೆಗೆ ಬಾಗಿಲು ತೆರೆದಾಗ ಎದ್ದು ಕೂತು, ಬೆವರು ಒರೆಸಿಕೊಂಡು, "ಗಾಳಿ ಆಡಂಗಿಲ್ಲ, ಬ್ಯಾಡ" ಅಂದ. ಅವನ ಜೊತೆ ಹೋದವನು ನಾನು. ಅಂದಿನಿಂದ ಆ ಓಣಿಗೆ ಕಾಲಿಟ್ಟಿಲ್ಲ.

ನಾನು ಏಳನೇ ಇಯತ್ತೆಗೇ ಶಾಲೆ ಬಿಟ್ಟವನು. ಆದರೆ ಸಿಂದಗಿಯ ನನ್ನ ವೆಲ್ಡಿಂಗ್ ಶಾಪಿನ ಟ್ರಾಲಿಗಳು ಇಂಡಿ, ಬಾಗೇವಾಡಿ ಕಡೆಯೆಲ್ಲ ಕಬ್ಬು ಹೊತ್ತು ಓಡಾಡುತ್ತವೆ. ಒಂದೂ ಬೆಸುಗೆ ಬಿಟ್ಟಿಲ್ಲ. ಇಂಥ ಶಾಪಿಗೆ ಮಾವ ಮೊಬೈಲ್ ಹಿಡಿದು ಬಂದ. ಜೀಪಿನ ಹಿಂದೆ ಕಟ್ಟುವ ಮನೆ ಬೇಕಂತೆ! ಲಕ್ವಾ ಹೊಡೆದಾಗಿನಿಂದ ಅತ್ತೆ ಹೊಸ್ತಿಲು ದಾಟಿಲ್ಲ; ಮಂದಿಯ ಮನೆಯಲ್ಲಿ ಎತ್ತಿ ಕೂರಿಸಿಕೊಳ್ಳಲು ಅವಳಿಗೆ ನಾಚಿಕೆ. ಅದಕ್ಕೇ ಚಡಚಣದ ತವರಿಗೆ ಅವಳನ್ನು ಮನೆಯ ಸಮೇತ ಒಯ್ಯುವುದು ಇವನ ಯೋಚನೆ.

ಮೊಬೈಲಿನಲ್ಲಿ ಎರಡು ಬಗೆ ಇದ್ದವು. ಒಂದು ಪೂರ್ತಿ ಮುಚ್ಚಿದ್ದು: ಮಲಗಲು ಒಂದು ಕೋಣೆ, ಗೋಡೆಯಾಚೆ ಅಡುಗೆ. ಇನ್ನೊಂದು ಹೈಬ್ರಿಡ್: ಹಾಸಿಗೆ ಒಳಗೆ, ಪಕ್ಕದ ಗೋಡೆ ಮೇಲೆತ್ತಿ, ಮಳೆ ಬಿಸಿಲಿಗೆ ತಾಡಪತ್ರಿ ಕಟ್ಟಿದರೆ ಹೊರಗೆ ಎಳೆಯುವ ಅಡುಗೆಕಟ್ಟೆ.

"ಹೈಬ್ರಿಡ್ ಜ್ವಾಳಾನ ಹೊಲಕ್ಕ ಬಿಟ್ಕೊಂಡಾಂವಲ್ಲ ನಾ. ಗಾಡಿ ಹ್ಯಾಂಗ ಬಿಟ್ಕೊಳ್ಳಲಿ?" ಎಂದು ಮಾವ ಚಿಂತೆಗೆ ಬಿದ್ದ.

ಮುಚ್ಚಿದ್ದೇ ಮಾಡೋಣ ಎಂದೆ ನಾನು. ತಾಡಪತ್ರಿ ಕಟ್ಟಿದ ಗಾಡಿ ನನ್ನ ಶಾಪಿನಿಂದ ಹೊರಬಿದ್ದರೆ, ಇವನಿಗೆ ತಗಡು ಬಗ್ಗಿಸಲು ಬರುವುದಿಲ್ಲ ಎನ್ನುವುದಿಲ್ಲವೇ ಜನ? ಆದರೆ ಮಾವ ಮಲಗಿ ನೋಡಬೇಕಲ್ಲ! ಅದೂ ಸಂತೆಯ ದಿನವೇ, ಶಾಪಿನ ಮುಂದಿನ ಖಾಲಿ ಟ್ರಾಲಿಯಲ್ಲಿ ಚಾಪೆ ಹಾಸಿ ಮಲಗಿದ. ಎದ್ದು, ಮನೆಯಿಂದಲೇ ತಂದಿದ್ದ ಪರಾತ ಇಟ್ಟು, ಅದರಲ್ಲೇ ಹಿಟ್ಟು ನಾದಿ ರೊಟ್ಟಿ ಬಡಿಯತೊಡಗಿದ. ಟ್ರಾಲಿ ಡೊಳ್ಳಿನಂತೆ ದಬದಬ ಎಂದಿತು. ಮತ್ತೆ ಮಲಗಿ ಕತ್ತು ಹೊರಳಿಸಿ ಪರಾತ ನೋಡಿದ. ಮತ್ತೆ ಎದ್ದು ಬಡಿದ. ಸಂತೆಗೆ ಹೊರಟವರೆಲ್ಲ ನಿಂತರು.

"ಏನ್ರಿ ಸಾವ್ಕಾರ್ರ, ವೆಲ್ಡಿಂಗ್ ಬಿಟ್ಟು ಖಾನಾವಳಿ ಹಾಕೀರೇನು?" ಎಂದ ಹಳೆಯ ಗಿರಾಕಿಯೊಬ್ಬ.

ನಾನು ವೆಲ್ಡಿಂಗ್ ಮುಖವಾಡ ಎಳೆದುಕೊಂಡೆ. ಬೆಸೆಯಲು ಮುಂದೆ ಏನೂ ಇರಲಿಲ್ಲ.

"ಮಾವಾ, ನನ್ನ ಮರ್ಯಾದಿ ತೆಗೀಬ್ಯಾಡ. ರೊಟ್ಟಿ ಬಡಿಯೋದು ನಿನ್ನ ಕೆಲಸ ಏನು?"

ಮಾವ ಕೈಗಂಟಿದ ಹಿಟ್ಟು ಬಿಡಿಸಿಕೊಳ್ಳುತ್ತ ಹೇಳಿದ: "ಅಕಿ ಕೈ ಬಿದ್ದಾಗಿಂದ ನಂದ ಐತಲ್ಲೋ ಅಳಿಯಾ. ಮಲಕೊಂಡಲ್ಲಿಂದ್ಲೇ ನೋಡಿ ಬೈತಾಳ, ಅಂಚು ದಪ್ಪಾತು, ನಡುವ ಹರೀತು ಅಂತ. ಈಗ ಅಕಿ ಮಾತಾಡೋದು ಅಷ್ಟ. ನಡುವ ಗ್ವಾಡಿ ಬಂದ್ರ ಅದೂ ಹೋತು."

ರೊಟ್ಟಿಗೆ ಯಾರನ್ನೋ ಇಟ್ಟುಕೊಂಡಿರಬೇಕು ಎಂದುಕೊಂಡಿದ್ದೆ ನಾನು. ಒಮ್ಮೆಯೂ ಕೇಳಿರಲಿಲ್ಲ. ಮುಖವಾಡ ತೆಗೆಯಲು ಆಗ ನಿಜಕ್ಕೂ ನಾಚಿಕೆಯಾಯಿತು.

ಹೈಬ್ರಿಡ್ಡೇ ಕಟ್ಟಿದೆ. ತಾಡಪತ್ರಿಯನ್ನೂ ನಾನೇ ಬಿಗಿದೆ. ಮುಗಿದ ದಿನ, ರಸ್ತೆಯ ಮಂದಿ ನೋಡುತ್ತಿದ್ದಂತೆ ಮೊಳೆಗೆ ಮುಖವಾಡ ತೂಗುಹಾಕಿ, ಅತ್ತೆಯ ಹಾಸಿಗೆಯಲ್ಲಿ ನಾನೇ ಮಲಗಿ, ಹೊರಗೆ ಅಡುಗೆಕಟ್ಟೆಯ ಮುಂದೆ ನಿಂತ ಮಾವನತ್ತ ಕತ್ತು ಹೊರಳಿಸಿದೆ.

"ಮಾವಾ, ಪರಾತ ತುಸು ಈ ಕಡೆ ಸರಿಸು. ಅತ್ತೆಗೆ ನಿನ್ನ ಕೈ ಕಾಣವಲ್ದು."