ತೊಟ್ಟು ತೊಟ್ಟಾಗಿ ನಿದ್ದೆ

ಪರೀಕ್ಷೆಯ ಔಷಧಿ ಬಿದ್ದದ್ದೇ ತಡ, ಗಾಜಿನ ಕೊಳವೆಯೊಳಗಿನ ನೀರು ಕೆಂಪಾಯಿತು. ನಸುಗೆಂಪಲ್ಲ, ನಾಚಿಕೆಯ ಕೆಂಪೂ ಅಲ್ಲ; ಮೇಷ್ಟ್ರು ತಪ್ಪು ಲೆಕ್ಕದ ಮೇಲೆ ಎಳೆಯುವ ಗೆರೆಯಂಥ ಕೆಂಪು. ಹಾಸಿಗೆ ಅಂಗಡಿಯಲ್ಲಿ ಮಾರಾಟದ ಕೆಲಸ ಮಾಡುವ ನಮ್ಮ ಕಥಾನಾಯಕ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ, ಅಲ್ಲಾಡಿಸಿ ನೋಡಿದ, ಕನ್ನಡಕ ಒರೆಸಿಕೊಂಡು ನೋಡಿದ. ಕೆಂಪು ಜಪ್ಪಯ್ಯ ಅನ್ನಲಿಲ್ಲ.

“ಅಕ್ಕಾ, ನೈಟ್ರೇಟ್ ಏರಿಬಿಟ್ಟಿದೆ!”

ಪಕ್ಕದ ಕೋಣೆಯಲ್ಲಿ ಹೊಲಿಗೆ ಯಂತ್ರ ನಿಂತಿತು. “ಯಾರಿಗೆ?”

“ಮೀನಿಗೆ.”

“ಸದ್ಯ!” ಎಂದಳು ಅಕ್ಕ. ಯಂತ್ರ ಮತ್ತೆ ಓಡಿತು.

ಅಕ್ಕನಿಗೇನು, ತಲೆ ದಿಂಬಿಗೆ ತಾಗುವ ಮೊದಲೇ ಗೊರಕೆ ಹೊಡೆಯುವ ಪುಣ್ಯವಂತೆ. ತಮ್ಮನ ಪಾಡು ಬೇರೆ. ಹಗಲೆಲ್ಲ ಊರಿನವರಿಗೆ ನಿದ್ದೆ ಮಾರುವುದು ಅವನ ಉದ್ಯೋಗ. ಗಿರಾಕಿಗಳು “ಸ್ವಲ್ಪ ಮಲಗಿ ನೋಡ್ತೀನಿ” ಎಂದು ಹಾಸಿಗೆಗೆ ಬೆನ್ನು ತಾಗಿಸಿ, ಮರುಕ್ಷಣ ಬಾಯಿ ತೆರೆದುಕೊಂಡು ನಿದ್ದೆ ಹೋಗುತ್ತಿದ್ದರು. ಇವನು ಪಕ್ಕದಲ್ಲಿ ಕೈಕಟ್ಟಿ ನಿಂತು ಹೊಟ್ಟೆ ಉರಿದುಕೊಳ್ಳುತ್ತಿದ್ದ. ತನಗೆ ಮಾತ್ರ ಎಷ್ಟು ಹೊರಳಿದರೂ ಕಣ್ಣು ಹತ್ತುತ್ತಿರಲಿಲ್ಲ. ಮಾತ್ರೆ ನುಂಗಿದ್ದಾಯಿತು, ಬಿಸಿ ಹಾಲು ಕುಡಿದಿದ್ದಾಯಿತು, ಮೂಗಿನ ಒಂದು ಹೊಳ್ಳೆಯಿಂದ ಎಳೆದು ಇನ್ನೊಂದರಿಂದ ಬಿಟ್ಟಿದ್ದೂ ಆಯಿತು. ಕೊನೆಗೆ, ಊರು ಬಿಟ್ಟು ಹೊರಟಿದ್ದ ಗಿರಾಕಿಯೊಬ್ಬರು ಕೊಟ್ಟುಹೋದ ಉಪ್ಪು ನೀರಿನ ಮೀನಿನ ತೊಟ್ಟಿಯೊಂದು ಮನೆಗೆ ಬಂತು. ನೀಲಿ ದೀಪ, ಬಿಳಿ ಮರಳು, ಕಿತ್ತಳೆ ಮೈಗೆ ಬಿಳಿ ಪಟ್ಟಿ ಸುತ್ತಿಕೊಂಡ ಎರಡು ಮೀನು.

ಅದರ ಮುಂದೆ ಒರಗು ಕುರ್ಚಿ ಹಾಕಿಕೊಂಡು ಕೂತ ಮೊದಲ ಸಂಜೆಯೇ ಪವಾಡ ನಡೆಯಿತು. ಮೀನುಗಳು ಅತ್ತ ಹೋದವು, ಇತ್ತ ಬಂದವು. ಗುಳ್ಳೆಗಳು ಏನೋ ಗುಟ್ಟು ಹೇಳಲೆಂದು ಹೊರಟು, ಮೇಲೆ ಬರುವಷ್ಟರಲ್ಲಿ ಅದನ್ನು ಮರೆತು ಒಡೆದುಹೋದವು. ಕೋಣೆಯ ಗೋಡೆ, ಗಡಿಯಾರ, ಅಂಗಡಿ ಮಾಲೀಕನ ಮುಖ ಎಲ್ಲವೂ ಒಂದೊಂದಾಗಿ ನೀಲಿಯಲ್ಲಿ ಕರಗಿದವು. ಎಚ್ಚರವಾದಾಗ ಬೆಳಗಾಗಿತ್ತು. ಅವನು ಕುರ್ಚಿಯಲ್ಲಿ ಕೂತಲ್ಲೇ ಸಂತೋಷಕ್ಕೆ ಅತ್ತುಬಿಟ್ಟ.

ಈಗ ಅದೇ ಮೀನುಗಳು ಮೂಲೆ ಹಿಡಿದಿದ್ದವು. ಕಲ್ಲುಗಳ ಮೇಲೆ ಕಂದು ಪಾಚಿ ಹಬ್ಬಿತ್ತು. ಮೀನು ಹೋದರೆ ನಿದ್ದೆಯೂ ಹೋಯಿತು. ಅದು ಸಾಲದೆಂಬಂತೆ, ತೊಟ್ಟಿಯ ಪಂಪು ಗುಂಯ್ ಎನ್ನುತ್ತದೆಂದು ಹಿಂದೊಮ್ಮೆ ಯಾರೋ ದೂರು ಕೊಟ್ಟು, ಮನೆಯೊಡತಿ ಖುದ್ದಾಗಿ ಮೆಟ್ಟಿಲು ಹತ್ತಿ ಬಂದು ಹೇಳಿಹೋಗಿದ್ದರು: “ಇನ್ನೊಂದು ದೂರು ಬಂದ್ರೆ ನಿಮ್ಮ ಸಮುದ್ರ ಬೀದೀಲಿರತ್ತೆ. ನೆನಪಿರಲಿ.”

ಅವತ್ತು ವಾರದ ರಜೆ. ಅವನು ನೇರ ಮೀನಿನ ಅಂಗಡಿಗೆ ಓಡಿದ.

“ಮೀನು ತಿನ್ನತ್ತೆ, ಗಲೀಜು ಮಾಡತ್ತೆ. ಆ ಗಲೀಜೇ ಕೊನೆಗೆ ನೈಟ್ರೇಟ್ ಆಗಿ ಝಾಂಡಾ ಹೂಡತ್ತೆ,” ಎಂದ ಅಂಗಡಿಯವನು. “ಮಾಮೂಲಿ ಫಿಲ್ಟರಿಗೆ ಅದು ಬಗ್ಗಲ್ಲ. ಗಾಳಿ ಇಲ್ಲದ ಕಡೆ ಬದುಕೋ ಒಂದು ಜಾತಿ ಕ್ರಿಮಿ ಇದೆ, ಅದಕ್ಕೆ ಮಾತ್ರ ಬಗ್ಗೋದು. ಪೈಪಿನೊಳಗೆ ಸಣ್ಣ ಕೊಳವೆ ಸುರುಳಿ ಸುತ್ತಿಟ್ಟು, ನೀರನ್ನ ತೊಟ್ಟು ತೊಟ್ಟಾಗಿ ಬಿಡಿ. ಮನೇಲೇ ಮಾಡ್ಕೋಬಹುದು.”

“ಜೋರಾಗಿ ಬಿಟ್ರೆ?”

“ಕೆಲಸ ಮಾಡಲ್ಲ.”

“ತೀರಾ ನಿಧಾನ ಬಿಟ್ರೆ?”

“ಕೊಳೆತ ಮೊಟ್ಟೆ ವಾಸನೆ ಬರತ್ತೆ. ಹೊಸ ಅಳಿಯನ ಥರ ನೋಡ್ಕೋಬೇಕು ಸ್ವಾಮಿ. ಉಪಚಾರ ಜಾಸ್ತಿಯಾದ್ರೂ ಮುನಿಸು, ಕಮ್ಮಿಯಾದ್ರೂ ಮುನಿಸು.”

ಕ್ರಿಮಿಗಳು ತಾವಾಗಿ ಬಂದು ನೆಲೆಸಲು ವಾರಗಟ್ಟಲೆ ಬೇಕಂತೆ. ಅದಕ್ಕೆಂದೇ ಆ ಪುಣ್ಯಾತ್ಮ ತನ್ನ ಹಳೆಯ ಫಿಲ್ಟರಿನಿಂದ ಕಪ್ಪಗಾದ ಸ್ಪಂಜಿನ ಚೂರುಗಳನ್ನು ಚೀಲಕ್ಕೆ ತುಂಬಿಕೊಟ್ಟ. ಚೀಲ ಹಿಡಿದು ಬಸ್ಸು ಹತ್ತಿದ ನಮ್ಮ ನಾಯಕನಿಗೆ ಅಕ್ಕಪಕ್ಕದ ಸೀಟುಗಳೆಲ್ಲ ಯಾಕೆ ಖಾಲಿಯಾದವೆಂದು ಇಳಿದು ಚೀಲ ಮೂಸುವವರೆಗೂ ತಿಳಿಯಲಿಲ್ಲ.

ಮಧ್ಯಾಹ್ನದೊಳಗೆ ಯಂತ್ರ ಸಿದ್ಧವಾಯಿತು. ನೀರಿನ ಪೈಪಿನ ಒಂದು ದಪ್ಪ ತುಂಡು, ಅದರೊಳಗೆ ಹಾವಿನಂತೆ ಸುತ್ತಿಕೊಂಡ ಸಣ್ಣ ಕೊಳವೆ, ಮಧ್ಯೆ ಸ್ಪಂಜಿನ ಚೂರು, ಎರಡೂ ಬದಿಗೆ ಮುಚ್ಚಳ. ಪಂಪು ತೊಟ್ಟಿಯ ನೀರನ್ನು ಮೇಲಕ್ಕೆ ತಳ್ಳಬೇಕು. ನೀರು ಸುರುಳಿಯೊಳಗೆ ಸುತ್ತಾಡಿ ತೊಟ್ಟು ತೊಟ್ಟಾಗಿ ಮತ್ತೆ ತೊಟ್ಟಿಗೇ ಬೀಳಬೇಕು. ಅದನ್ನು ಪರದೆಯ ಕಂಬಿಗೆ ನೇತುಹಾಕಿ, ತೊಟ್ಟಿನ ವೇಗ ಹಿಡಿತದಲ್ಲಿಡಲು ಕೊಳವೆಯ ತುದಿಗೆ ಅಕ್ಕನ ಬಟ್ಟೆ ಕ್ಲಿಪ್ಪು ಸಿಕ್ಕಿಸಿದ.

“ಏನೋ ಇದು, ರೋಗಿಗೆ ಡ್ರಿಪ್ ಹಾಕಿದ ಹಾಗಿದೆ,” ಎಂದಳು ಅಕ್ಕ.

“ಹಾಗೇ ಅಂದ್ಕೋ.”

“ರೋಗಿ ಯಾರು, ಮೀನೋ ನೀನೋ?”

ಅವನ ಕಣ್ಣೆಲ್ಲ ಕೊಳವೆಯ ತುದಿಯ ಮೇಲೆ. ಟಪ್. ಸ್ವಲ್ಪ ಬಿಟ್ಟು ಮತ್ತೆ ಟಪ್. ತೊಟ್ಟು ಬಿದ್ದಲ್ಲಿ ಒಂದು ಉಂಗುರ ಹುಟ್ಟಿ, ಅಗಲವಾಗಿ, ಗಾಜಿನ ಅಂಚಿಗೆ ತಾಗಿ ಸುಮ್ಮನಾಗುತ್ತಿತ್ತು. ಕ್ಲಿಪ್ಪು ಸರಿಪಡಿಸುತ್ತ ಅವನು ಆ ಉಂಗುರಗಳನ್ನೇ ನೋಡಿದ. ಮುಂದಿನದು, ಅದರ ಮುಂದಿನದು. ಯಾವುದೋ ಒಂದು ಉಂಗುರದೊಳಕ್ಕೆ ಅವನೂ ಇಳಿದುಹೋದ.

ಬಾಗಿಲು ಬಡಿದ ಸದ್ದಿಗೆ ಎಚ್ಚರಾದಾಗ ಕೊಳವೆ ಪೈಪಿನಿಂದ ಕಳಚಿ, ನೀರು ನೆಲದ ಮೇಲೆ ಹಾಯಾಗಿ ಹರಿಯುತ್ತಿತ್ತು. ಬಾಗಿಲಲ್ಲಿ ಕೆಳಮನೆಯ ಗಣಿತದ ಮೇಷ್ಟ್ರು; ಬೋಳುತಲೆ ಒದ್ದೆ.

“ನಿಮ್ಮ ಮನೆ ನೀರು ನಮ್ಮ ಸೂರಿಂದ ಸೋರ್ತಿದೆ. ನಾಲಿಗೆಗೆ ಹಚ್ಚಿ ನೋಡಿದೆ, ಉಪ್ಪುಪ್ಪು. ಮೇಲುಗಡೆ ಯಾರೋ ಅಳ್ತಿದ್ದಾರೆ ಅಂತ ಪಾಪ ಅನ್ನಿಸ್ತು.”

“ಅಳೋ ಹಾಗೇ ಇದೆ ಸಾರ್. ಒಳಗೆ ಬನ್ನಿ, ಒರೆಸಿಬಿಡ್ತೀನಿ.”

ಮೇಷ್ಟ್ರು ಬಂದು ಸೋಫಾದ ಮೇಲೆ ಕೂತು, ಸೋರುವ ಸೂರು, ಬಾಡಿಗೆದಾರನ ಕರ್ತವ್ಯ, ಇಂದಿನವರ ಬೇಜವಾಬ್ದಾರಿ ಎಂದು ಪಾಠ ಶುರುಮಾಡಿದರು. ಅವರೆದುರಿಗೆ ಮೀನೊಂದು ಬಂದು ನಿಂತು, ಅರ್ಥವಾಯಿತೆಂಬಂತೆ ಬಾಯಿ ತೆರೆದು ಮುಚ್ಚಿತು. “ಮೊದಲನೆಯದಾಗಿ...” ಎಂದರು ಮೇಷ್ಟ್ರು. ಎರಡನೆಯದು ಬರಲೇ ಇಲ್ಲ. ಗದ್ದ ಎದೆಗೆ ಇಳಿದಿತ್ತು.

ಇವನು ಮೆಲ್ಲಗೆ ನೆಲ ಒರೆಸಿ, ಕೊಳವೆ ಜೋಡಿಸಿ, ಮತ್ತೆ ಕಳಚದಿರಲೆಂದು ಕ್ಲಿಪ್ಪನ್ನು ಬಿಗಿಯಾಗಿ ಒತ್ತಿದ. ಅದೇ ಎಡವಟ್ಟಾಯಿತು. ತೊಟ್ಟು ತೀರಾ ನಿಧಾನವಾಯಿತು. ಸ್ವಲ್ಪ ಹೊತ್ತಿಗೆ, ಅಂಗಡಿಯವನು ಹೇಳಿದ್ದ ವಾಸನೆ ಕೋಣೆ ತುಂಬಿ, ಬಾಗಿಲ ಸಂದಿಯಿಂದ ನುಸುಳಿ, ಮೆಟ್ಟಿಲ ಮೇಲೆಲ್ಲ ಓಡಾಡತೊಡಗಿತು.

“ಗ್ಯಾಸ್ ಲೀಕ್! ಗ್ಯಾಸ್ ಲೀಕ್!” ಎಂದು ಕೂಗುತ್ತ ಎದುರುಮನೆಯ ನರ್ಸಮ್ಮ ನುಗ್ಗಿದರು. ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದವರು. ಕೂದಲು ಕೆದರಿತ್ತು, ಕಣ್ಣು ಕೆಂಡವಾಗಿತ್ತು. ಸೋಫಾದ ಮೇಲೆ ಮೇಷ್ಟ್ರನ್ನು ಕಂಡು ಎದೆ ಹಿಡಿದುಕೊಂಡರು. “ಅಯ್ಯೋ! ಒಬ್ಬರು ಹೋಗೇಬಿಟ್ರಲ್ಲ!”

“ಹೋಗಿಲ್ಲ, ಮಲಗಿದ್ದಾರೆ.”

ನರ್ಸಮ್ಮ ನಾಡಿ ಹಿಡಿದು ನೋಡಿದರು. ಮೇಷ್ಟ್ರು ಗೊರಕೆಯಿಂದಲೇ ಪುರಾವೆ ಒದಗಿಸಿದರು.

“ಇದು ಗ್ಯಾಸ್ ಅಲ್ಲ, ಕ್ರಿಮಿ. ಕ್ಲಿಪ್ಪು ಬಿಗಿಯಾಗಿತ್ತು. ಇದೋ, ಸರಿಮಾಡಿದೆ,” ಎಂದು ಇವನು ಕೈಮುಗಿದ.

“ಕ್ರಿಮಿನೋ ಕರ್ಮಾನೋ! ನಾನು ಓನರಮ್ಮಂಗೆ ಫೋನ್ ಮಾಡಿ ಆಗಿದೆ. ತೊಟ್ಟಿ ಹೊರೋಕೆ ಆಳು ಕರ್ಕೊಂಡೇ ಬರ್ತಾರಂತೆ.”

ಅವನ ಜೀವ ಬಾಯಿಗೆ ಬಂತು. ಬೇಡಿಕೊಳ್ಳೋಣವೆಂದು ತಿರುಗಿದರೆ, ನರ್ಸಮ್ಮ ತೊಟ್ಟಿಯ ಮುಂದೆ ನಿಂತಲ್ಲೇ ನಿಂತಿದ್ದರು. “ಈ ಎರಡು ಗಂಡಹೆಂಡ್ತೀನಾ?” ಎಂದು ಕೇಳಿದರು. ಧ್ವನಿ ಅರ್ಧಕ್ಕಿಳಿದಿತ್ತು. “ಎಷ್ಟು ನಿಧಾನ ಅಲ್ವಾ. ನಮ್ಮ ವಾರ್ಡಲ್ಲಿ ಯಾರೂ ಹೀಗೆ ನಿಧಾನ ಇರಲ್ಲ.” ಮಾತು ಮುಗಿಯುವುದರೊಳಗೆ ಅವರು ಮೇಷ್ಟ್ರ ಪಕ್ಕದ ಜಾಗಕ್ಕೆ ಜಾರಿ, ಸೋಫಾದ ತೋಳಿಗೆ ಕೆನ್ನೆ ಇಟ್ಟಾಗಿತ್ತು.

ಪಕ್ಕದ ಕೋಣೆಯ ಸದ್ದು ನಿಂತಿತು. “ಯಾರು ಸತ್ತಿದ್ದು?” ಎನ್ನುತ್ತ ಬಂದ ಅಕ್ಕ, ಕೈಯಲ್ಲಿದ್ದ ಹೊಲಿಯದ ಪರದೆಯ ಸಮೇತ ನೆಲದ ಮೇಲೆ ಕೂತಳು. ಅವಳ ವಿಷಯ ಹೇಳುವುದೇ ಬೇಡ. ಪರದೆಯನ್ನೇ ಹೊದ್ದುಕೊಂಡಳು.

ಸಂಜೆಯ ಬಿಸಿಲು ಗೋಡೆಯಿಂದ ಇಳಿಯುವ ಹೊತ್ತಿಗೆ ಮನೆಯೊಡತಿ ಬಂದರು. ಹಿಂದೆ ಹಗ್ಗ, ಗೋಣಿಚೀಲ ಹಿಡಿದ ಇಬ್ಬರು ಹಮಾಲಿಗಳು. ಒಳಗೆ ಕಾಲಿಟ್ಟವರು ಒಬ್ಬೊಬ್ಬರ ಮುಖವನ್ನೂ ನೋಡಿದರು.

“ಏನ್ರೀ ಇದು, ಮನೇನಾ ಧರ್ಮಛತ್ರಾನಾ?”

“ಎಲ್ಲ ದೂರು ಹೇಳೋಕೆ ಬಂದೋರು ಅಮ್ಮಾ.”

“ಎತ್ರೋ ಅದನ್ನ!” ಎಂದು ಅವರು ಹಮಾಲಿಗಳಿಗೆ ಅಪ್ಪಣೆ ಮಾಡಿದರು.

ಹಮಾಲಿಗಳು ತೊಟ್ಟಿಯ ಎರಡೂ ಬದಿಗೆ ಕುಕ್ಕರುಗಾಲಲ್ಲಿ ಕೂತು ಅಂದಾಜು ನೋಡಿದರು. ಹಿರಿಯವನು, “ನೀರಿದ್ರೆ ಗಾಜು ಒಡೆಯತ್ತಮ್ಮಾ. ಮೊದಲು ನೀರು ಖಾಲಿ ಆಗ್ಬೇಕು,” ಎಂದ. ಯಾವ ಕಡೆಯಿಂದ ಖಾಲಿ ಮಾಡುವುದೆಂದು ಇಬ್ಬರೂ ನೀರನ್ನೇ ದಿಟ್ಟಿಸಿದರು. ದಿಟ್ಟಿಸುತ್ತಲೇ ಇದ್ದರು. ಆಮೇಲೆ ಒಬ್ಬರ ಬೆನ್ನಿಗೊಬ್ಬರು ಒರಗಿದರು.

“ನಾನೂ ನೋಡ್ತೀನಿ, ಅದೇನು ಮಾಟ ಅಂತ,” ಎಂದು ಮನೆಯೊಡತಿ ಆ ಒರಗು ಕುರ್ಚಿಯಲ್ಲೇ ಕೂತರು. ಬೆನ್ನು ನೆಟ್ಟಗಿತ್ತು, ಹುಬ್ಬು ಗಂಟಿಕ್ಕಿತ್ತು. ಗಂಟು ಒಂದೊಂದೇ ಎಳೆಯಾಗಿ ಬಿಚ್ಚಿತು. ಅವರ ತುಟಿಯಲ್ಲಿ ಯಾರಿಗೂ ಬೈಯದ ಒಂದು ನಗು ಮೂಡಿದ್ದನ್ನು ಬಾಡಿಗೆದಾರನೊಬ್ಬ ಮೊದಲ ಬಾರಿಗೆ ನೋಡಿದ.

ಅವನು ಉಸಿರು ಬಿಗಿಹಿಡಿದು, ಫಿಲ್ಟರಿನಿಂದ ಬೀಳುವ ತೊಟ್ಟುಗಳನ್ನು ಗಾಜಿನ ಕೊಳವೆಗೆ ಹಿಡಿದು ಔಷಧಿ ಹಾಕಿದ. ನೀರು ತಿಳಿಯಾಗಿಯೇ ನಿಂತಿತು. ಕೆಂಪಿನ ಸುಳಿವಿಲ್ಲ! ಕುಣಿಯಬೇಕೆನಿಸಿತು, ಕುಣಿಯಲು ಜಾಗವಿರಲಿಲ್ಲ. ಯಾರಿಗಾದರೂ ಹೇಳಬೇಕೆನಿಸಿತು, ಕೇಳಲು ಯಾರೂ ಎಚ್ಚರವಿರಲಿಲ್ಲ. ಹಮಾಲಿಗಳ ಕಾಲು ದಾಟಿ, ಅಕ್ಕನ ಪರದೆಯ ಒಂದು ಚುಂಗು ಎಳೆದುಕೊಂಡು, ನೆಲದ ಮೇಲೇ ಮೈಚಾಚಿದ. ಟಪ್. ಬಾಗಿಲ ಕೆಳಗಿನಿಂದ ಸಮುದ್ರ ಸದ್ದಿಲ್ಲದೆ ಒಳಬಂತು. ಅಂಗಡಿಯ ಹಾಸಿಗೆಗಳೆಲ್ಲ ದೋಣಿಗಳಾಗಿ ತೇಲಿ ಬಂದವು, ಒಂದೊಂದರ ಮೇಲೆ ಒಬ್ಬೊಬ್ಬ ಗಿರಾಕಿ. ಕೊನೆಯ ಹಾಸಿಗೆ ಖಾಲಿ ಇತ್ತು. ಅವನು ಅದಕ್ಕೆ ಕೈಚಾಚಿದ.

“ಥೂ! ಏನಿದು ನಾತ!”

ಕ್ರಿಮಿಗಳ ಲೋಳೆ ಸಿಕ್ಕಿಕೊಂಡು ತೊಟ್ಟು ನಿಧಾನವಾಗಿತ್ತು. ಎಲ್ಲರೂ ಮೂಗು ಮುಚ್ಚಿಕೊಂಡು ಎದ್ದುಕೂತಿದ್ದರು. ಅವನು ಧಡಕ್ಕನೆ ಎದ್ದು ಕ್ಲಿಪ್ಪು ಸಡಿಲಿಸಿ, ಲೋಳೆ ಹಿಂಡಿ ತೆಗೆದು, ಇಂಗು ತಿಂದ ಮಂಗನಂತೆ ನಿಂತ. ಮನೆಯೊಡತಿ ಕಣ್ಣುಜ್ಜಿಕೊಂಡು ಸುತ್ತ ನೋಡಿದರು.

“ಈ ತೊಟ್ಟಿ,” ಎಂದರು, “ಈ ಮನೆಯಿಂದ ಒಂದಿಂಚೂ ಅಲ್ಲಾಡಕೂಡದು.”

ತನ್ನ ಕಿವಿಯನ್ನೇ ಅವನು ನಂಬಲಿಲ್ಲ.

“ನಮ್ಮನೆಯವರು ತೀರಿಕೊಂಡ ಮೇಲೆ ನನಗೆ ಕಣ್ತುಂಬ ನಿದ್ದೆ ಅಂತ ಬಂದಿದ್ದು ಇವತ್ತೇ,” ಎಂದು ಮನೆಯೊಡತಿ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡರು. ನರ್ಸಮ್ಮ ಅವರ ಭುಜದ ಮೇಲೆ ಕೈಯಿಟ್ಟರು. ಮೇಷ್ಟ್ರು ತನ್ನ ಪಾಡೂ ಅದೇ ಎಂಬಂತೆ ತಲೆಯಾಡಿಸಿದರು. ನಮ್ಮ ನಾಯಕನಿಗೂ ಕಣ್ಣು ತುಂಬಿ ಬಂತು. ತನ್ನಂಥವರು ಇಷ್ಟು ಜನ ಇದೇ ಮೆಟ್ಟಿಲು ಹತ್ತಿ ಇಳಿಯುತ್ತಿದ್ದರೆಂದು ಅವನಿಗೆ ತಿಳಿದೇ ಇರಲಿಲ್ಲ.

“ನಾನು ದಿನಾ ಬರ್ತೀನಿ,” ಎಂದರು ಮನೆಯೊಡತಿ.

“ನಾನೂ,” ಎಂದರು ಮೇಷ್ಟ್ರು.

“ಪಾಳಿ ಇಲ್ಲದ ದಿನ ನಾನೂ,” ಎಂದರು ನರ್ಸಮ್ಮ. ಹಮಾಲಿಗಳು ಮುಖಮುಖ ನೋಡಿಕೊಂಡು, ತಾವೂ ಬರಬಹುದೇ ಎಂದು ಕೇಳಿದರು.

“ಬನ್ನಿ, ಎಲ್ಲ ಬನ್ನಿ!” ಎಂದ ಅವನು, ಉಬ್ಬಿಹೋಗಿ.

“ಆದ್ರೆ ಆ ನಾತ ಬರಬಾರ್ದು. ಬಂದ್ರೆ ಎಲ್ರಿಗೂ ಎಚ್ಚರ ಆಗತ್ತೆ,” ಎಂದರು ಮನೆಯೊಡತಿ. “ಒಬ್ಬರು ಎದ್ದಿದ್ದು ತೊಟ್ಟು ನೋಡ್ಕೋಬೇಕು. ಯಾರು ನೋಡ್ಕೋತೀರಿ?”

ಮೇಷ್ಟ್ರು ಸೂರು ನೋಡಿದರು, ನರ್ಸಮ್ಮ ಉಗುರು ನೋಡಿಕೊಂಡರು. ಆಮೇಲೆ ಅಕ್ಕ, ಒಡಹುಟ್ಟಿದ ಅಕ್ಕ, ಆಕಳಿಸುತ್ತ ಹೇಳಿದಳು: “ನಮ್ಮ ತಮ್ಮ ಇದ್ದಾನಲ್ಲ. ಅವನಿಗೆ ಚಿಕ್ಕಂದಿನಿಂದ ನಿದ್ದೇನೇ ಬರಲ್ಲ.”

“ಬರತ್ತೆ ಅಕ್ಕಾ! ಇದರ ಮುಂದೆ ಮಾತ್ರ ಬರತ್ತೆ!”

“ಎಂಥ ದೊಡ್ಡ ಮನಸ್ಸು ನೋಡಿ, ನಿದ್ದೆ ಬರಲ್ಲ ಅಂತ ಹೇಳ್ಕೊಳೋಕೂ ಸಂಕೋಚ,” ಎಂದು ಮನೆಯೊಡತಿ ಅವನ ಕೈ ಹಿಡಿದುಕೊಂಡರು.

ದೀಪ ಹಚ್ಚುವ ಹೊತ್ತಿಗೆ ಅವರವರ ದಿಂಬು ಅವರವರು ತಂದುಕೊಂಡರು. ಅಡುಗೆಮನೆಯ ಮರದ ಸ್ಟೂಲನ್ನು ಅಕ್ಕನೇ ತಂದು, ಬೆನ್ನಿಗೆ ಆಸರೆ ಸಿಕ್ಕಿದರೆ ಎಲ್ಲಿ ತೂಕಡಿಸಿಬಿಡುತ್ತಾನೋ ಎಂದು ಗೋಡೆಯಿಂದ ದೂರಕ್ಕೆ ಹಾಕಿಕೊಟ್ಟಳು. ಅವನು ಅದರ ಮೇಲೆ ಕೂತು ಕ್ಲಿಪ್ಪಿನ ಮೇಲೆ ಬೆರಳಿಟ್ಟ. ರೆಪ್ಪೆ ಜೋತುಬೀಳುವಷ್ಟರಲ್ಲಿ ಯಾರೋ ಮೂಗೆಳೆದರು. ಅವನು ಬೆಚ್ಚಿ ಕಣ್ಣರಳಿಸಿದ. ಕೋಣೆ ತುಂಬ ಸಮಾಧಾನದ ಗೊರಕೆ. ನೀಲಿ ಬೆಳಕಿನಲ್ಲಿ ಮೀನುಗಳು ಚೇತರಿಸಿಕೊಂಡು ಮೂಲೆ ಬಿಟ್ಟು ಬಂದಿದ್ದವು. ಮರಳಿನ ಮೇಲೆ ಅಕ್ಕಪಕ್ಕ ಒರಗಿ, ಕಣ್ಣು ತೆರೆದುಕೊಂಡೇ, ಅವೂ ನಿದ್ದೆ ಹೋದವು.