ತಡವಾಗುವ ಸುದ್ದಿಯೂ ನಮ್ಮ ಚಿಕ್ಕಪ್ಪನೂ

ನಮ್ಮ ಚಿಕ್ಕಪ್ಪನನ್ನು ಮೇಚೇರಿ ಸಂತೆಗೆ ಕುರಿ ತರಲು ಕಳಿಸುವ ಧೈರ್ಯ ನಿಮಗಿದೆಯೇ? ನಮಗಿತ್ತು, ಒಂದೇ ಒಂದು ಸಲ! ಬೆಳಿಗ್ಗೆ ಹೋದವರು ಸಂಜೆ ಬರಿಗೈಲಿ ಬಂದರು. ಮುಂದಿನ ಕುರಿ ತಿರುಗಿದ ಮೇಲೆ ಎಷ್ಟು ಹೊತ್ತಿಗೆ ಹಿಂದಿನದು ತಿರುಗುತ್ತದೆ ಎಂದು ಬರೆದುಕೊಂಡ ಆರು ಪುಟ ಮಾತ್ರ ಜೇಬಿನಲ್ಲಿದ್ದವು. ಅಪ್ಪ ಅವನ್ನು ತಿರುವಿ ಹಾಕಿ, ಇದನ್ನು ಕುಯ್ದರೆ ಎಷ್ಟು ಜನಕ್ಕೆ ಸಾರಾಗುತ್ತದೆ ಎಂದು ಕೇಳಿದರು.

ಚಿಕ್ಕಪ್ಪ ಕಾಲೇಜಿನಲ್ಲಿ ಗಣಿತದ ಮೇಷ್ಟ್ರು. ಮೆದುಳಿನ ನರಗಳಂತೆ ಒಂದಕ್ಕೊಂದು ಸುದ್ದಿ ಮುಟ್ಟಿಸುವ ಜಾಲವನ್ನು ಸಮೀಕರಣಗಳಲ್ಲಿ ಕಟ್ಟುತ್ತಾರೆ. ಸುದ್ದಿ ತಡವಾಗಿ ಮುಟ್ಟಿದರೆ ಆ ಜಾಲ ಕೊನೆಗೊಂದು ನೆಲೆಗೆ ನಿಲ್ಲುತ್ತದೋ, ಸುತ್ತಿದಲ್ಲೇ ಸುತ್ತುತ್ತದೋ? ಹನ್ನೆರಡು ವರ್ಷದಿಂದ ಅದನ್ನೇ ಹುಡುಕುತ್ತಿದ್ದಾರೆ! ಮೆಟ್ಟೂರು ಬಸ್ಸು ಬ್ರೇಕ್ ಹಾಕಿದರೆ ಎಲ್ಲರೂ ಕಂಬಿ ಹಿಡಿಯುತ್ತಾರೆ, ಇವರು ಗಡಿಯಾರ ಹಿಡಿಯುತ್ತಾರೆ. ಮುಂದಿನ ಸೀಟಿನ ಓಲಾಟ ಹಿಂದಿನ ಸೀಟಿಗೆ ಯಾವಾಗ ಬಂತು ಅಂತ ನೋಡಬೇಡವೇ? ಹಾಗೆ ನೋಡುತ್ತಾ ಎರಡು ಸಲ ಬಿದ್ದಿದ್ದಾರೆ. ನಿಜ ಹೇಳುತ್ತೇನೆ, ನಗುತ್ತಲೇ ಅವರ ಮೇಲೆ ಹೊಟ್ಟೆಕಿಚ್ಚು ಪಡುತ್ತೇನೆ. ಒಂದೇ ವಿಷಯಕ್ಕೆ ಅಷ್ಟು ತಲೆ ಕೆಡಿಸಿಕೊಳ್ಳುವ ಯೋಗ ನನಗಿಲ್ಲ.

ಹೋದ ವರ್ಷ ಅಜ್ಜಿಗೆ ಪಾರ್ಶ್ವವಾಯು ಬಡಿಯಿತು. ಮಾತೇನೋ ಮರಳಿತು, ತಾಳಮೇಳ ಮಾತ್ರ ಇರಲಿಲ್ಲ. ಕಾಫಿ ಬೇಕಾ ಎಂದರೆ ಸುಮ್ಮನಿರುವಳು. ಆಮೇಲೆ ಕಾಲು ನೋಯುತ್ತಾ ಎಂದರೆ, "ವಸಿ ಸಕ್ಕರೆ ಆಕು" ಅನ್ನುವಳು. ಮೊದಲು ನಕ್ಕೆವು, ಆಮೇಲೆ ಹೆದರಿದೆವು. ಮುದುಕಿಗೆ ಬುದ್ಧಿ ಹೋಯಿತು ಎಂದುಕೊಂಡು ಮಾತಾಡಿಸುವುದನ್ನೇ ಬಿಟ್ಟೆವು, ಪಾಪಿಗಳು.

ಚಿಕ್ಕಪ್ಪ ರಜೆ ಹಾಕಿ ಬಂದು ಎರಡು ದಿನ ಅವಳ ಮಂಚದ ಪಕ್ಕ ನೋಟುಬುಕ್ಕು ಹಿಡಿದು ಕೂತರು. ಇಲ್ಲೂ ನಿನ್ನ ಲೆಕ್ಕವೇ ಎಂದು ಅಪ್ಪ ಸಿಡುಕಿದರು.

"ಅವ್ವನ್ ಮಾತೆಲ್ಲ ಸರಿಯಾಗೇ ಐತೆ ಅಣ್ಣ," ಎಂದರು ಚಿಕ್ಕಪ್ಪ. "ಉತ್ತರ ಬರಾಕೆ ತಡ ಆಯ್ತೈತೆ, ಅಷ್ಟೇ. ಅಷ್ಟ್ರಾಗೆ ನೀವು ಇನ್ನೊಂದು ಕೇಳ್ಬುಡ್ತೀರ. ಕೊಂಜಂ, ಒಂದ್ ವಸಿ ತಡ್ಕಳಿ."

ಆಮೇಲೆ ಬಾಗಿ ಕೇಳಿದರು, "ಅವ್ವಾ, ನಾನ್ ಯಾರು?"

ಅಜ್ಜಿ ಸೂರು ನೋಡುತ್ತಿದ್ದಳು. ಅಪ್ಪ ಬಾಯಿ ತೆರೆದರು, ಚಿಕ್ಕಪ್ಪ ಕೈ ಅಡ್ಡ ಹಿಡಿದರು. ಒಳಗೆ ಕುಕ್ಕರ್ ಒಂದು ಸಲ ಕೂಗಿತು, ಇನ್ನೊಂದು ಸಲ ಕೂಗಿತು. ಉತ್ತರವೇ ಬರದಿದ್ದರೆ?

ಅಜ್ಜಿ ನಿಧಾನವಾಗಿ ಕತ್ತು ತಿರುಗಿಸಿದಳು.

"ನನ್ ಚಿಕ್ ಮಗ. ಯಾಕ್ಲಾ, ನಿಂಗೇ ಮರ್ತೋಯ್ತಾ?"

ಚಿಕ್ಕಪ್ಪ ಅವಳ ಅಂಗೈಯನ್ನು ಕೆನ್ನೆಗೆ ಒತ್ತಿಕೊಂಡು ಅತ್ತುಬಿಟ್ಟರು. ಅಪ್ಪ ಮಂಚದ ಆ ಬದಿಗೆ ಹೋಗಿ ಕೂತು, "ನಾನು, ಅವ್ವಾ?" ಎಂದು ಕೇಳಿ, ಬಾಯಿ ಮುಚ್ಚಿಕೊಂಡು ಕಾದರು.